ಕವರ್ ಅಂಗಡಿ, ಗುತ್ತಲು ರಸ್ತೆ

ಮೊಬೈಲ್ ಕವರುಗಳ ಹಿಂದೆ, ಚಾರ್ಜರ್ ಡಬ್ಬಿಯ ತಳದಲ್ಲಿ
ಪೊಲೀಸರ ಕಣ್ಣಿಗೆ ಬೀಳದ ಹಾಗೆ
ಒಂದು ಹಣ್ಣಿನಂಗಡಿ ಇಟ್ಟಿದ್ದೇನೆ.

ಮುಖ ನೋಡಿದರೆ ಸಾಕು, ಕೈ ತಾನೇ ಹುಡುಕುತ್ತದೆ.
ಮೀಸೆ ಈಗಷ್ಟೆ ಚಿಗುರಿದ ಪಿಯುಸಿ ಹುಡುಗರಿಗೆ
ಬಬಲ್‌ಗಮ್, ಕಲ್ಲಂಗಡಿ, ಐಸ್‌ಕ್ಯಾಂಡಿ.
ಮೊನ್ನೆ ಮೊನ್ನೆ ಚೀಪಿ ಎಸೆದದ್ದನ್ನೇ
ದೊಡ್ಡವರಾಗಲಿಕ್ಕೆ ಮತ್ತೆ ಎಳೆಯುತ್ತಾರೆ.

ಬ್ಯಾಂಕಿನ ವಿಶಾಲಾಕ್ಷಿ ಮೇಡಂಗೆ ಪುದೀನ.
"ಮನೇಲಿ ಗೊತ್ತಾಗಲ್ಲ ತಾನೆ?"
ಅವರಿಗದು ಒಂದು ರಬ್ಬರು, ಉಸಿರನ್ನು ಅಳಿಸಲಿಕ್ಕೆ.

ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಕಾಯ್ದು
ಹತ್ತು ವರ್ಷದ ಹಿಂದೆ ರಿಟೈರಾದ ಚಿಕ್ಕಮಾದಯ್ಯ ಮಾತ್ರ
ತಂಬಾಕಿನದ್ದೇ ಕೊಡು ಅಂದರು. ಡಾಕ್ಟರು ಬೀಡಿ ಬಿಡಿಸಿದ್ದರಂತೆ.
ಎರಡು ಸಲ ಎಳೆದು ವಾಪಸ್ ಕೊಟ್ಟರು:
"ಇದು ಬೀಡಿ ಫೋಟೊ ಕಣ್ಲಾ.
ಗೋಡೆಗೆ ನೇತಾಕಿ ಹಾರ ಹಾಕ್ಬೋದು, ಅಷ್ಟೆ."

ನಕ್ಕೆ. ಲೆಕ್ಕದ ಪುಸ್ತಕದಲ್ಲಿ ಅವರ ಹೆಸರು ಹೊಡೆದೆ.

ನಿನ್ನೆ ಸಂಜೆ ಟ್ಯೂಷನ್ ಮುಗಿಸಿ ಬಂದ ಮಗಳು,
ಆರನೇ ಕ್ಲಾಸು,
ಕೌಂಟರಿನ ಮೇಲೆ ಬಾಗಿ
"ಅಪ್ಪಾ, ಮಾವಿನಹಣ್ಣು! ಎಲ್ಲಿ ಬಚ್ಚಿಟ್ಟಿದ್ದೀಯಾ?" ಅಂದಳು.
ಮಾವಿನ ಕಾಲ ಮುಗಿದು
ಎರಡು ತಿಂಗಳಾಗಿತ್ತು.

ಶಟರ್ ಎಳೆದು ಬೀಗ ಹಾಕುವಾಗಲೂ
ಅವಳು ನನ್ನ ಅಂಗೈ ಮೂಸುತ್ತಲೇ ಇದ್ದಳು.