ಸಮಯ ಹಿಡಿದವನು

ನಾನು ಓಟಕ್ಕೆ ಸಮಯ ಹಿಡಿಯುವವನು.
ನೂರು ಮೀಟರು, ನಾನೂರು, ಹಿಮ ಕರಗಿದ ಮೇಲೆ ಗುಡ್ಡದೋಟ.
ಕೈಕೊಡದ ಸ್ಟಾಪ್‌ವಾಚು ನನ್ನದೊಂದೇ ಎಂದು
ಬಿಶ್ಕೇಕಿನ ಹೋಟೆಲೊಂದರ ಎರಡನೇ ಮಹಡಿಗೆ ಕರೆದರು,
ನಾಲಿಗೆಗಳ ಓಟಕ್ಕೆ.

ಹತ್ತೊಂಬತ್ತು ದೇಶದ ಮಕ್ಕಳು, ಕೊರಳಲ್ಲಿ ಹೆಸರಿನ ಚೀಟಿ.
ಗೆದ್ದವರಿಗೆ ನಾಲ್ಕು ವರ್ಷದ ಓದು ಪುಕ್ಕಟೆ.
ಸಾರ್ವಜನಿಕ ನೀತಿ ಅಂದರೇನಮ್ಮ, ಕೇಳಿದೆ.
ಸರ್ಕಾರ ಏನು ಮಾಡಬೇಕು ಅನ್ನುವ ಶಾಸ್ತ್ರ,
ಅಂದಳು ನೋಂದಣಿ ಮೇಜಿನ ಹುಡುಗಿ.
ನಮ್ಮಲ್ಲಿ ಅದನ್ನು ಟ್ಯಾಕ್ಸಿಯವರು ಕಲಿಸುತ್ತಾರೆ, ಅಂದೆ.
ನಗಲಿಲ್ಲ.

ನನಗೆ ಇಂಗ್ಲಿಷು ಅರ್ಧ ಬರುತ್ತದೆ,
ಅದೂ ಒಳ್ಳೆಯ ಅರ್ಧವಲ್ಲ.
ಆದರೆ ಏಳು ನಿಮಿಷ ಯಾವ ಭಾಷೆಯಲ್ಲೂ ಏಳೇ ನಿಮಿಷ.
ಒಂದಕ್ಕೆ ಒಂದು ಗಂಟೆ, ಆರಕ್ಕೆ ಇನ್ನೊಂದು,
ಏಳಕ್ಕೆ ಎರಡು. ಮೇಲೆ ಹದಿನೈದು ಸೆಕೆಂಡು ಧರ್ಮಕ್ಕೆ.

ಕೊನೆಯ ಸುತ್ತಿನ ವಿಷಯ ಪರದೆಯ ಮೇಲೆ ಬಂತು:
ನಗರದಲ್ಲಿ ಕಲ್ಲಿದ್ದಲ ಒಲೆಗಳನ್ನು ನಿಷೇಧಿಸಬೇಕು.
ಕಿಟಕಿಯಾಚೆ ಜನವರಿ. ಬೆಳಗಿನಿಂದ ಬೆಟ್ಟ ಕಂಡಿಲ್ಲ,
ಹೊಗೆ ಅದನ್ನು ಮಡಿಚಿ ಒಳಗಿಟ್ಟುಕೊಂಡಿದೆ.
ಹತ್ತು ಸೋಮಿನ ನಾಣ್ಯ, ನನ್ನದೇ ಜೇಬಿನದು, ಚಿಮ್ಮಿದೆ.
ಕನಿಶಾಯ್ ಪರ.
ಉರುಗ್ವೇಯಿಂದ ಬಂದ ಫಾಕುಂದೊ ವಿರೋಧ.

ಕನಿಶಾಯ್ ನನಗೆ ಗೊತ್ತು.
ಕೊಚ್ಕೊರಿನ ಶಾಲೆಯಲ್ಲಿ ಎಂಟುನೂರು ಮೀಟರು ಓಡುತ್ತಿದ್ದಳು,
ಕಡೆಯ ಸುತ್ತಿಗೆ ತುಟಿ ಕಚ್ಚಿ.
ಅಪ್ಪ ಗಣಿಯಿಂದ ಕಲ್ಲಿದ್ದಲು ಹೊರುವ ಲಾರಿಯವನು.
ಅವನ ಉಗುರಿನ ಸಂದಿಯ ಕಪ್ಪು
ಮದುವೆಯ ದಿನವೂ ಹೋಗಿರಲಿಲ್ಲವಂತೆ.
ಆ ಕಪ್ಪಿನಿಂದಲೇ ಇವಳ ಬೂಟು, ನಿಘಂಟು, ಬಸ್ಸಿನ ಟಿಕೆಟ್ಟು.
ನಾಣ್ಯವನ್ನು ಬೆರಳಲ್ಲಿ ಮಗುಚಿಬಿಡಬಹುದಿತ್ತು.
ಮೂವತ್ತು ವರ್ಷ ಯಾರ ಓಟಕ್ಕೂ ಕಾಲು ಕೊಟ್ಟವನಲ್ಲ ನಾನು.

ಎದ್ದಳು. ಒತ್ತಿದೆ.
ಪುಪ್ಪುಸ, ಕೂಸು, ಸಾವಿರಕ್ಕೆ ಎಷ್ಟು,
ಅಂಕಿಗಳು ಸಾಲುಹಿಡಿದು ಬಂದವು.
ನನಗೆ ದಕ್ಕಿದ ಅರ್ಧದಲ್ಲಿ ಅವಳದು ಸರಿಯೇ.
ನನ್ನ ಹೆಂಡತಿಯ ದಿಂಬಿನ ಕೆಳಗೂ ಇನ್‌ಹೇಲರು ಇದೆ.

ಫಾಕುಂದೊ ಮಂಗಳವಾರದವರೆಗೆ ಹಿಮವನ್ನೇ ಕಂಡವನಲ್ಲ.
ಆದರೂ ಕಣ್ಣಿಗೆ ಕಟ್ಟಿಸಿದ:
ನಸುಕಿನಲ್ಲಿ ತಣ್ಣಗಾದ ಒಲೆ, ಅದರ ಮುಂದೆ ಮುದುಕಿ,
ಮತ್ತೊಬ್ಬ ಲಾರಿಯವನು, ಚಳಿಗೆ ಮರಗಟ್ಟಿದ ಇಂಜಿನ್ನಿನ ಕೆಳಗೆ
ಬೆಂಕಿ ಹಿಡಿದು ಕೂತವನು.
ಎದೆಯ ಮೇಲೆ ಕೈಯಿಟ್ಟು ಹೇಳಿದ, ಕಂಡು ಬಂದವನ ಹಾಗೆ.
ಕನಿಶಾಯ್‌ಳ ಪೆನ್ನು ನಿಂತಿತು.
ಒಂದು ಬೂಟನ್ನು ಇನ್ನೊಂದರ ಹಿಂದೆ ಸರಿಸಿದಳು.

ಉತ್ತರಕ್ಕೆ ನಾಲ್ಕು ನಿಮಿಷ.
ಆ ಲಾರಿಯವನು, ಎಂದು ಶುರುಮಾಡಿ
ನಿಂತುಬಿಟ್ಟಳು.
ಹನ್ನೊಂದು ಸೆಕೆಂಡು. ನಾನೇ ಎಣಿಸಿದ್ದು.
ಅಷ್ಟರಲ್ಲಿ ನೂರು ಮೀಟರು ಮುಗಿಸಿದ ಹುಡುಗ
ನಮ್ಮ ಜಿಲ್ಲೆಗೇ ಒಬ್ಬ.
ಆಮೇಲೆ ಅಂದಳು: ಆತನೂ ಕೆಮ್ಮುತ್ತಾನೆ.
ಆ ಮಧ್ಯಾಹ್ನ ನನಗೆ ಪೂರ್ತಿ ಅರ್ಥವಾದ ವಾಕ್ಯ ಅದೊಂದೇ.
ಒಲೆ ಆರಿಸಿ, ಆದರೆ ಅದಕ್ಕೆ ಮೊದಲು
ಆತನ ಲಾರಿಗೆ ಬೇರೆ ಹೊರೆ ಕೊಡಿ, ಅಂದಳಂತೆ.
ಅದು ವಿಷಯದ ಗೆರೆ ದಾಟಿತು ಎಂದರು ತೀರ್ಪುಗಾರರು.
ಮೂರರಲ್ಲಿ ಇಬ್ಬರು ಫಾಕುಂದೊಗೆ.
ಇವಳಿಗೆ ಪ್ರಮಾಣಪತ್ರ, ಒಂದು ಫ್ಲಾಸ್ಕು.

ಹಿಂದಿನ ಗಲ್ಲಿಯಲ್ಲಿ ಅವಳಪ್ಪ, ಇಳಿಸಿ ಖಾಲಿಯಾದ ಲಾರಿಯ ಕೆಳಗೆ
ಮಂಡಿಯೂರಿ ಇಂಜಿನ್ನಿಗೆ ಬೆಂಕಿ ತೋರಿಸುತ್ತಿದ್ದ.
ಸಿಗರೇಟಿಗೆಂದು ಹೊರಬಂದ ಫಾಕುಂದೊ
ಬಗಲಲ್ಲಿ ಕಪ್ಪು ಹಿಡಿದು ನೋಡಿಯೇ ನೋಡಿದ.
ಸಿಗರೇಟು ಹಚ್ಚಲೇ ಇಲ್ಲ.
ಯಾರೂ ಯಾರಿಗೂ ಯಾರನ್ನೂ ಪರಿಚಯಿಸಲಿಲ್ಲ.

ಎಷ್ಟು ಹೊತ್ತು ಮಾತಾಡಿದಳು ಮೇಷ್ಟ್ರೇ?
ಏಳು, ಆಮೇಲೆ ನಾಲ್ಕು.
ಅಬ್ಬಾ, ಮನೆಯಲ್ಲಿ ವಾರಕ್ಕೂ ಅಷ್ಟಿಲ್ಲ.
ಯಾವ ಕಡೆಗೆ?

ಕನಿಶಾಯ್ ಆಗಲೇ ಮೇಲೆ ಹತ್ತಿ ಕೂತಿದ್ದಳು,
ತೊಡೆಯ ಮೇಲೆ ಫ್ಲಾಸ್ಕು.
ನನಗೆ ಇಂಗ್ಲಿಷು ಅರ್ಧವೇ ಬರುವುದು, ಅಂದೆ.