ಒಂಬತ್ತು ವ್ಯಾಟ್

ಪಡುವಣ ಕಿಟಕಿಯ ಪಕ್ಕ ತೊಟ್ಟಿ ಇಟ್ಟದ್ದು ನನ್ನದೇ ತಪ್ಪು.
ಕೋಡಿಬಾಗದ ಮೂರು ಗಂಟೆಯ ಬಿಸಿಲು
ಗಾಜು ದಾಟಿ ನೀರೊಳಗೇ ಕೂತು
ಎಂಟು ದಿನದಲ್ಲಿ ಎಲ್ಲ ಹಸಿರು.
ಮೀನು ಇದೆಯೆಂದು ತಿಳಿಯುವುದು
ಅದು ಬಂದು ಗಾಜಿಗೆ ಮೂತಿ ಒತ್ತಿದಾಗ.

"ಪಾಲಕ್ ಸಾರು," ಎಂದಳು ಅಕ್ಕ ದ್ವಾರಕಾ,
ಬಾಂಗಡೆ ಮಾರಿ ಬಂದ ಬುಟ್ಟಿಯನ್ನು ಹೊಸ್ತಿಲಲ್ಲಿಳಿಸಿ.
"ಹುಳಿ ಹಿಂಡು, ಒಗ್ಗರಣೆ ಕೊಡು, ಮುಗಿಯಿತು.
ಈ ಓಣಿಯಲ್ಲೆಲ್ಲ ಮೀನು ತಿನ್ನುವವರು,
ಮೀನಿಗೆ ತಿನ್ನಿಸುವವನು ನೀನೊಬ್ಬ."

ನೀರು ಬದಲಿಸಿದೆ. ಕಾಲು ಭಾಗ, ಆಮೇಲೆ ಅರ್ಧ.
ಹಸಿರು ಮೂರನೆಯ ದಿನಕ್ಕೆ ಮತ್ತೆ ಬಂದು
ಬಾಡಿಗೆ ಕೇಳುವವನ ಹಾಗೆ ನಿಂತಿತು.

ಫೆಬ್ರವರಿಯಲ್ಲಿ ಹುಬ್ಬಳ್ಳಿ ಬಸ್ಸಿನ ಮೇಲೆ ಡಬ್ಬಿ ಬಂತು:
ಗೇಣುದ್ದದ ಕಪ್ಪು ಪ್ಲಾಸ್ಟಿಕ್, ಒಳಗೆ ಕ್ವಾರ್ಟ್ಝ್ ಕೊಳವೆ,
ಕೊಳವೆಯೊಳಗೆ ಒಂಬತ್ತು ವ್ಯಾಟಿನ ದೀಪ.
ಒಂದು ಬಾಯಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ.
ಮೇಲೊಂದು ಹಳದಿ ಚೀಟಿ:
ಉರಿಯುವಾಗ ನೋಡಬೇಡಿ.

ನನಗೆ ಹೇಳುವುದೇ ಇದನ್ನು?
ಬೈತಖೋಲ್ ಧಕ್ಕೆಯಲ್ಲಿ ಹದಿನೇಳು ವರ್ಷ
ಟ್ರಾಲರುಗಳ ಹೊಟ್ಟೆಯನ್ನು ರಾಡಿನಿಂದ ಹೊಲಿದವನಿಗೆ?
ಮೊದಲ ವರ್ಷ, ಮುಖವಾಡವಿಲ್ಲದೆ ಕಿಡಿ ನೋಡಿದ ರಾತ್ರಿ
ರೆಪ್ಪೆಯ ಒಳಗೆ ಉಸುಕು ಹುರಿದಂತೆ.
ಆಯಿ ಬಟಾಟೆ ಹೆಚ್ಚಿ ಕಣ್ಣ ಮೇಲಿಟ್ಟು
ಬೆಳಗಿನ ತನಕ ಬಿಲ್ಲೆ ಬದಲಿಸುತ್ತಿದ್ದಳು.
ಈ ಬೆಳಕು ಗೊತ್ತು ನನಗೆ.
ಅದು ಕಾಣುವುದೇ ಇಲ್ಲ,
ಕಾಣುವ ನೀಲಿ ಅದರ ಅಂಗಿ ಅಷ್ಟೇ.

ಪಂಪು ಜೋರಾದರೆ ಕೆಲಸ ಕೆಡುತ್ತದೆ.
ದೀಪದ ಮುಂದೆ ನೀರು
ಸಂತೆಯಲ್ಲಿ ನೆಂಟರ ಮುಂದೆ ಹಾಯುವಂತೆ ಹಾಯಬೇಕು,
ನಿಂತು, ಕ್ಷೇಮ ಕೇಳಿಸಿಕೊಂಡು.
ನಲ್ಲಿಯನ್ನು ಅರ್ಧ ತಿರುಗಿಸಿದೆ.
ನಾಲ್ಕನೆಯ ದಿನ ತೊಟ್ಟಿಯಾಚೆಯ ಗೋಡೆಗೆ ಕ್ಯಾಲೆಂಡರ್ ಬಂತು,
ಆರನೆಯ ದಿನ ಕ್ಯಾಲೆಂಡರಿಗೆ ತಾರೀಖು.
ಸ್ನೇಹಲ ಬೆರಳಿಟ್ಟು ಮೀನು ಎಣಿಸಿದಳು: ಹನ್ನೊಂದು.
ಕೊಂಡದ್ದು ಹನ್ನೆರಡು.
ಯಾವತ್ತು ಹೋಯಿತೋ, ಉಳಿದವು ಏನು ಮಾಡಿದವೋ.
ತಿಳಿನೀರು ಇಂಥದ್ದನ್ನೂ ತೋರಿಸುತ್ತದೆ.

ಜೂನಿನಲ್ಲಿ ಒಂದರ ಮೈಗೆ ಬಿಳಿ ಚುಕ್ಕೆ,
ರವೆ ಉದುರಿಸಿದ ಹಾಗೆ.
"ದೀಪ ಇದೆಯಲ್ಲ ಪಪ್ಪಾ?"
ಇದೆ ಮಗಾ. ತೇಲಿ ಬಂದದ್ದನ್ನು ಅದು ಕೊಲ್ಲುತ್ತದೆ,
ಮೈಗೆ ಅಂಟಿಕೊಂಡದ್ದರ ತನಕ ಅದರ ಕೈ ಚಾಚುವುದಿಲ್ಲ.
ಮದ್ದು ಹಾಕಿದ ದಿನ ದೀಪ ಆರಿಸಿದೆ,
ಇಲ್ಲವಾದರೆ ಮದ್ದನ್ನೂ ಮುಗಿಸಿಬಿಡುತ್ತದೆ.
ಅದಕ್ಕೆ ಆಪ್ತರು ಯಾರು, ಪರರು ಯಾರು ಗೊತ್ತಿಲ್ಲ.

ಈಗ ನವೆಂಬರ್. ಪೈಪಿನ ಕುತ್ತಿಗೆಯಲ್ಲಿ
ನೀಲಿ ಹಾಗೇ ಸೋರುತ್ತಿದೆ,
ಆದರೆ ಕ್ಯಾಲೆಂಡರಿನ ತಾರೀಖು ಮಸುಕು.
ಒಂಬತ್ತು ತಿಂಗಳಿಗೆ ದೀಪದ ಕೊಲ್ಲುವ ಬಲ ಸವೆಯುತ್ತದೆಯಂತೆ,
ಉರಿಯುವುದು ಮಾತ್ರ ಉಳಿಯುತ್ತದೆಯಂತೆ.
ಸ್ನೇಹಲಗೆ ಹೇಳಿಲ್ಲ.
ಅದರ ಮುಂದೆ ಹಾದುಹೋಗುವಾಗ ಅವಳಿನ್ನೂ
ಕಣ್ಣಿಗೆ ಅಂಗೈ ಅಡ್ಡ ಹಿಡಿಯುತ್ತಾಳೆ.

ನಿನ್ನೆ ರಾತ್ರಿ ಅಕ್ಕ ಬಾಗಿಲು ಬಡಿದಳು.
"ಕಡಲು ಹೊತ್ತಿದೆ, ಬನ್ನಿ."
ಕಾಳಿ ಬಂದು ಸೇರುವ ಅಳಿವೆಯ ತೆಂಕಲ ಮರಳಲ್ಲಿ
ಪ್ರತಿ ತೆರೆಯೂ ಮುರಿಯುವಾಗ ನೀಲಿ,
ಮುರಿದಲ್ಲೆಲ್ಲ ನೀಲಿ,
ನಾಯಿ ಓಡಿದ ಒದ್ದೆಯಲ್ಲಿ ನಾಲ್ಕು ನಾಲ್ಕು ನೀಲಿ.
ಹಗಲೆಲ್ಲ ಇದೇ ನೀರು ನನ್ನ ತೊಟ್ಟಿಯ ಹಾಗೆ ಹಸಿರಾಗಿತ್ತು.

ತಿರುಗಿ ನೋಡಿದರೆ ಸ್ನೇಹಲ
ಎರಡೂ ಕೈಯಿಂದ ಮುಖ ಮುಚ್ಚಿ ನಿಂತಿದ್ದಾಳೆ.
"ನೋಡು ಮಗಾ. ಇದು ಜೀವ ಇರುವುದು,
ಇದನ್ನು ನೋಡಬಹುದು."
ಅವಳು ನಂಬಲಿಲ್ಲ. ಆಮೇಲೆ ಒಂದು ಬೆರಳು ಸರಿಸಿದಳು.

"ಈ ನೀರಿಗೆ ಬಲೆ ಹಾಕಿದರೆ ಬರುವುದು ನೊರೆ,
ನಾಳೆ ಬುಟ್ಟಿಗೆ ಏನೂ ಇಲ್ಲ,"
ಎಂದು ಗೊಣಗುತ್ತಲೇ ಇದ್ದಳು ಅಕ್ಕ,
ಸೀರೆಯನ್ನು ಮೊಣಕಾಲಿಗೆತ್ತಿ
ಪಾದದಿಂದ ನೀರನ್ನು ಕಲಕುತ್ತ,
ಮತ್ತೆ ಕಲಕುತ್ತ.