ಏಡಿಬಿಲ

ಪಾಂಡವಪುರದ ಐದು ದೀಪದ ಹತ್ತಿರ
ನನ್ನದೊಂದು ಜೆರಾಕ್ಸ್ ಅಂಗಡಿ.
ಪಹಣಿ, ಆಧಾರು, ಲಗ್ನಪತ್ರಿಕೆ,
ನಡುವೆ ಕರೆಂಟು ಹೋಗಿ ಬರುವ ಬಿಡುವಿನಲ್ಲಿ
ನನ್ನ ವೆಬ್‌ಸೈಟಿಗೆ ನಾಲ್ಕು ಸಾಲು:
ನಾಲೆ ಎಂದು ಬಿಡುತ್ತಾರೆ, ಯಾವ ಬಯಲಿಗೆ ಸರದಿ,
ಅಚ್ಚುಬೆಲ್ಲಕ್ಕೆ ಇವತ್ತು ಎಷ್ಟು,
ಚಿನಕುರಳಿ ದಾರಿಯಲ್ಲಿ ತಪ್ಪಿಸಿಕೊಂಡ ಎಮ್ಮೆ
ಈಗ ಯಾರ ಕೊಟ್ಟಿಗೆಯಲ್ಲಿದೆ.

"ಇದನ್ನ ಯಾರು ಓದ್ತಾರಕ್ಕ?
ರೀಲ್ಸ್ ಮಾಡು, ಕೂಗು, ಹತ್ತು ಗುಂಪಿಗೆ ತಳ್ಳು"
ಅಂದ ಚಿಕ್ಕಪ್ಪನ ಮಗ ಹೇಮಂತ.
ತಳ್ಳಿದೆ.
ಶುಭೋದಯದ ಗುಲಾಬಿಗಳ ಕೆಳಗೆ
ನಾಲೆಯ ಸರದಿ ಹೂತುಹೋಯಿತು.
ಮೂರನೇ ದಿನ ಅಡ್ಮಿನ್ ಅಣ್ಣ
ನನ್ನನ್ನೇ ಗುಂಪಿನಿಂದ ಆಚೆ ಹಾಕಿದ.

ಅಪ್ಪ ನೀರುಗಂಟಿ. ಮರಿಸಿದ್ದಯ್ಯ.
ಇಪ್ಪತ್ತೆಂಟು ವರ್ಷ
ಯಾರ ಮನೆಯ ಕದವನ್ನೂ ಬಡಿದವನಲ್ಲ.
ತೂಬು ಎತ್ತುವನು, ಗುದ್ದಲಿ ಹೆಗಲಿಗಿಟ್ಟು
ಕಾಲುವೆಗುಂಟ ನಡೆಯುವನು.
ಗದ್ದೆಯವರು ತಂತಮ್ಮ ಮಡೆ
ತಾವೇ ಬಿಡಿಸಿಕೊಳ್ಳುತ್ತಿದ್ದರು.
ಸಾಕಾದವನು ಒಂದು ಹೆಂಟೆ ಮಣ್ಣಿಟ್ಟು ಮುಚ್ಚುತ್ತಿದ್ದ.

ಅವನಿಗೆ ಹೇಳಿದೆ, ಆರೆಸ್ಸೆಸ್ ಅಂತ ಒಂದಿದೆ ಕಣಪ್ಪ.
ಎಲೆಯಡಿಕೆ ಜಗಿಯುವುದು ನಿಲ್ಲಿಸಿ
"ಶಾಖೆಗೇನವ್ವಾ?" ಅಂದ.
ಅಯ್ಯೋ, ಇದು ಫೀಡು. ತೂಬಿದ್ದಂಗೆ.
ಬೇಕಾದವರು ಅವರ ಕಡೆ ಮಡೆ ತೆಗೆದಿಟ್ಟುಕೊಂಡರೆ
ನಾನು ಹೊಸದು ಬರೆದಾಗೆಲ್ಲ
ತಾನಾಗಿ ಅವರಲ್ಲಿಗೆ ಹರಿಯುತ್ತೆ.
"ಮೇಲ್ಗದ್ದೆಯೋನು ಜಾಸ್ತಿ ಎಳ್ಕಂಡ್ರೆ?"
ಎಷ್ಟು ಎಳೆದರೂ ಕೆಳಗಿನವನಿಗೆ ಕಮ್ಮಿಯಾಗಲ್ಲಪ್ಪ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದ.
ಅಂಥ ನೀರನ್ನು ಅವನು ಕಂಡಿರಲಿಲ್ಲ.

ಕಿತ್ತಳೆ ಬಣ್ಣದ ಗುರುತು ಅದಕ್ಕೆ:
ಒಂದು ಚುಕ್ಕಿ, ಎರಡು ಬಳೆಚೂರು.
ನನ್ನ ಯಂತ್ರದಲ್ಲಿ ಕಪ್ಪಾಗಿಯೇ ಬಂತು.
ವಿಳಾಸ ಬರೆದು ಬಾಗಿಲಿಗೆ ಅಂಟಿಸಿದೆ,
ಹಿಡಿಸುವುದು ಹೇಗೆಂದು ಕೇಳಿದವರ ಫೋನಿಗೆ
ನಾನೇ ಹಿಡಿಸಿಕೊಟ್ಟೆ.
ಆಮೇಲೆ ಎಷ್ಟು ಜನ ಉಳಿದರೋ ಅದು ಹೇಳದು.
ಲೈಕಿಲ್ಲ, ನೀಲಿ ಗೀಟಿಲ್ಲ.
ಬಾವಿಗೆ ಕಲ್ಲು ಹಾಕಿ
ಸದ್ದಿಗೆ ಕಿವಿಗೊಟ್ಟು ನಿಂತ ಹಾಗೆ ಒಂದು ಮಳೆಗಾಲ.

ಕಾರ್ತೀಕದಲ್ಲಿ ಒಂದು ದಿನ ಬರೆದೆ:
"ಚೌಡಪ್ಪ & ಸನ್ಸ್ ಆಲೆಮನೆ ಸೋಮವಾರದಿಂದ ಶುರು."
ಮುಂದಿನ ಮೂರು ದಿನವೂ ಬರೆದೆ.

ನಾಲ್ಕನೆಯ ದಿನ ಬೆಲ್ಲ ತೂಗುವ ಕರಿಗೌಡರ ಫೋನು:
"ಯಾಕವ್ವ, ನಿಂತೋಯ್ತು? ಮೈಗೆ ಹುಷಾರಿಲ್ವಾ?"
ಮಧ್ಯಾಹ್ನ ಮೇಲುಕೋಟೆ ಬಸ್ಸಿನ ಕಂಡಕ್ಟರು
ಟಿಕೆಟ್ ಯಂತ್ರದ ಸಮೇತ ಅಂಗಡಿ ಮುಂದೆ.
ಸಂಜೆ, ಮಂಡ್ಯದ ಆಸ್ಪತ್ರೆಯಿಂದ ನರ್ಸ್ ಜುಲೇಖಾ:
"ಆ ಎಮ್ಮೆ ಸಿಕ್ತಾ ಇಲ್ವಾ, ಅದನ್ನಾದರೂ ಹೇಳಿ."

ಓ, ಇವರೆಲ್ಲ ಇದ್ದರು.

ಷಟರ್ ಅರ್ಧ ಎಳೆದು ರಾತ್ರಿ ಕೂತೆ.
ಒಂಬೈನೂರು ಸಾಲು, ಎಲ್ಲೋ ಒಂದು ತಪ್ಪು.
ಬುತ್ತಿ ತಂದ ಅಪ್ಪ ಸ್ಟೂಲಿನ ಮೇಲೆ ಕೂತು ಹೇಳಿದ:
"ತೂಬು ಸರಿಯಾಗೈತೆ, ನೀರು ಮುಟ್ಟಾಕಿಲ್ಲ ಅಂದ್ರೆ
ಬದ ನೋಡ್ಬೇಕು ಕಣವ್ವ.
ಎಲ್ಲೋ ಏಡಿಬಿಲ ಇರ್ತದೆ. ಹೆಬ್ಬೆಟ್ಟಿನಷ್ಟು."
ತೆರೆಯ ಮೇಲೆ ಬೆರಳಿಟ್ಟು
ಬದುವಿನ ಮೇಲೆ ನಡೆದ ಹಾಗೆ ಇಳಿದೆ.
ಅಗೋ, ಚೌಡಪ್ಪನಿಗೂ ಸನ್ಸಿಗೂ ಮಧ್ಯೆ
ಕಾಲು ಮಡಚಿ ಕೂತಿತ್ತು,
& ಅಂತ.

ಅದನ್ನು ಕಿತ್ತು "ಮತ್ತು" ಎಂದು ಮೆತ್ತಿದೆ.

ಆಲೆಮನೆ, ನಾಲೆ, ಬೆಲ್ಲದ ದರ,
ಕ್ಯಾತನಹಳ್ಳಿಯಲ್ಲಿ ಸಿಕ್ಕ ಎಮ್ಮೆ,
ನಿಂತದ್ದೆಲ್ಲ ಒಂದೇ ಸಲಕ್ಕೆ ಹೋಯಿತು.
ಹೋಯ್ತಪ್ಪ, ಅಂದೆ.
ಅಪ್ಪ ಗಡಿಯಾರ ನೋಡಿದ. ಹನ್ನೊಂದೂವರೆ.
"ನಾಕು ದಿನದ್ದು ಒಟ್ಟಿಗೇ ಬಿಟ್ಯಾ?
ನಿಧಾನ ಕಣವ್ವ," ಅಂದ,
"ತುದಿಗದ್ದೆಯೋನು ಮಲಗಿರ್ತಾನೆ."